ಹೊಸದಾಗಿ ರಿಯಲ್ ಎಸ್ಟೇಟ್ ಏಜೆಂಟ್ ಆಗುವವರು ಯಾವ ಸಂಸ್ಥೆ ಸೇರಬೇಕು?

ಪ್ರಶ್ನೆ: ನನಗೆ 31 ವರ್ಷ. ಮೂಲತಃ ಹಾಸನದವಳು, ಮದುವೆಯ ನಂತರ ಬೆಂಗಳೂರಿನ ವಿಜಯನಗರದಲ್ಲಿ ನೆಲೆಸಿದ್ದೇನೆ. ಖಾಸಗಿ ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಿಟ್ಟಿದ್ದು, ಈಗ ರಿಯಲ್ ಎಸ್ಟೇಟ್ ಏಜೆಂಟ್ ಆಗಬೇಕೆಂದಿದ್ದೇನೆ. ಮೂರು ಕಡೆ ಅವಕಾಶವಿದೆ. ಮೊದಲನೆಯದು ಮಾರತಹಳ್ಳಿ ಕಡೆಯ ದೊಡ್ಡ ಕಂಪನಿ. ತಿಂಗಳಿಗೆ 28,000 ರೂಪಾಯಿ ಸಂಬಳ, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್. ಎರಡನೆಯದು ನಮ್ಮ ಮನೆಯ ಹತ್ತಿರವೇ ಇರುವ ಹಳೆಯ, ಸಣ್ಣ ಕಚೇರಿ. ಸಂಬಳವಿಲ್ಲ, ನಾನು ಮಾಡಿಸಿದ ವ್ಯವಹಾರದಲ್ಲಿ ಶೇ 40 ಪಾಲು. ಮೂರನೆಯದು ‘ಅಸೋಸಿಯೇಟ್’ ಪದ್ಧತಿಯ ಸಂಸ್ಥೆ. ಶೇ 70 ಪಾಲು ಕೊಡುತ್ತಾರೆ, ಆದರೆ ತರಬೇತಿ ಮತ್ತು ‘ರೇರಾ’ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿಯ ನೋಂದಣಿ) ಸೇರಿ 35,000 ರೂಪಾಯಿ ಸೇರ್ಪಡೆ ಶುಲ್ಕ ಕೇಳುತ್ತಿದ್ದಾರೆ. ಐದು ತಿಂಗಳ ಮನೆಖರ್ಚಿಗಾಗುವಷ್ಟು ಉಳಿತಾಯವಿದೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮೂರೂ ಸಂಸ್ಥೆಗಳು ಕೊಡುವ ಸಂಬಳ ಅಥವಾ ಪಾಲಿನ ಪ್ರಮಾಣವನ್ನು ನೀವು ಸ್ಪಷ್ಟವಾಗಿ ಬರೆದಿದ್ದೀರಿ, ಆದರೆ ಪಾಲು ಅಥವಾ ಇನ್ಸೆಂಟಿವ್ ಯಾವ ಮೊತ್ತದ ಮೇಲೆ, ಎಷ್ಟು ತಿಂಗಳ ನಂತರ, ಯಾವ ಷರತ್ತಿನ ಮೇಲೆ ಕೈಗೆ ಬರುತ್ತದೆ ಎಂಬುದನ್ನು ಅವರಲ್ಲಿ ಯಾರೂ ನಿಮಗೆ ತಿಳಿಸಿದಂತೆ ಕಾಣುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೆಯದನ್ನು ಬಿಟ್ಟುಬಿಡಿ. ಉಳಿದೆರಡರಲ್ಲಿ, ನಿಮ್ಮ ಹಿನ್ನೆಲೆ ಮತ್ತು ವಾಸಸ್ಥಳವನ್ನು ಗಮನಿಸಿದರೆ, ಎರಡನೆಯ ಸಣ್ಣ ಕಚೇರಿ ಹೆಚ್ಚು ಸೂಕ್ತ; ಆದರೆ ಅದಕ್ಕೆ ರೇರಾ ನೋಂದಣಿ ಇರಬೇಕು ಮತ್ತು ಪಾಲಿನ ಒಪ್ಪಂದವನ್ನು ಬರವಣಿಗೆಯಲ್ಲಿ ಕೊಡಲು ಅವರು ಒಪ್ಪಬೇಕು. ಈ ಎರಡರಲ್ಲಿ ಒಂದಕ್ಕೆ ಅವರು ಹಿಂಜರಿದರೂ ಮೊದಲ ಕಂಪನಿಯನ್ನು ಒಂದು ವರ್ಷದ ಮಟ್ಟಿಗೆ ಸೇರಿಕೊಳ್ಳಿ. ಹೊಸಬರಿಗೆ ಮೊದಲ ಒಂದೆರಡು ವರ್ಷಗಳಲ್ಲಿ ಶೇ 40ಕ್ಕೂ ಶೇ 70ಕ್ಕೂ ಇರುವ ವ್ಯತ್ಯಾಸಕ್ಕಿಂತ, ಒಂದು ವ್ಯವಹಾರವನ್ನು ಮೊದಲ ಫೋನ್ ಕರೆಯಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯವರೆಗೆ ಯಾರ ಪಕ್ಕದಲ್ಲಿ ಕುಳಿತು ಕಲಿಯುತ್ತೀರಿ ಎಂಬುದೇ ಮುಖ್ಯವಾಗುತ್ತದೆ ಎಂಬುದು ನನ್ನ ಖಚಿತವಾದ ನಿಲುವು.

ಹಣದ ವಿಷಯವನ್ನು ಮೊದಲು ನೋಡೋಣ. ಬೆಂಗಳೂರಿನಲ್ಲಿ ಬಿಲ್ಡರ್‌ನ ಹೊಸ ಫ್ಲ್ಯಾಟನ್ನು ಮಾರಿಸಿದರೆ ದಲ್ಲಾಳಿ ಹಣವನ್ನು ಬಿಲ್ಡರ್ ಕೊಡುತ್ತಾನೆ, ಕೊಳ್ಳುವವರಲ್ಲ. ಅದು ಸಾಮಾನ್ಯವಾಗಿ ಬೆಲೆಯ ಶೇ 2ರ ಆಸುಪಾಸಿನಲ್ಲಿರುತ್ತದೆ, ಕೆಲವು ಯೋಜನೆಗಳಲ್ಲಿ ಅದಕ್ಕಿಂತ ಹೆಚ್ಚೂ ಇರುತ್ತದೆ. 80 ಲಕ್ಷದ ಫ್ಲ್ಯಾಟ್ ಎಂದಿಟ್ಟುಕೊಂಡರೆ ಶೇ 2ರಂತೆ 1,60,000 ರೂಪಾಯಿ. ಇದರ ಮೇಲೆ ಸಂಸ್ಥೆಯು ಶೇ 18 ಜಿಎಸ್‌ಟಿ ಸೇರಿಸಿ ಬಿಲ್ಲು ಕೊಡುತ್ತದೆ. ಆ 28,800 ರೂಪಾಯಿ ಸರ್ಕಾರದ್ದು, ಅದರಲ್ಲಿ ನಿಮಗೆ ಪಾಲಿಲ್ಲ. ಬಿಲ್ಡರ್ ಮೂಲದಲ್ಲೇ ಶೇ 2 ಆದಾಯ ತೆರಿಗೆ (ಟಿಡಿಎಸ್) ಹಿಡಿಯುತ್ತಾನೆ. ಈ ದರ 2024ರ ಸೆಪ್ಟೆಂಬರ್‌ವರೆಗೆ ಶೇ 5 ಇತ್ತು. ಶೇ 40 ಪಾಲಿನ ಲೆಕ್ಕದಲ್ಲಿ ನಿಮ್ಮದು 64,000 ರೂಪಾಯಿ. ಸಂಸ್ಥೆಯೂ ಟಿಡಿಎಸ್ ಕಡಿತ ಮಾಡಿದರೆ 1,280 ರೂಪಾಯಿ ಹೋಗಿ 62,720 ರೂಪಾಯಿ ಖಾತೆಗೆ ಬರುತ್ತದೆ. ಕಡಿತವಾದ ತೆರಿಗೆ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂಬುದನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಸಣ್ಣ ವ್ಯಾಪಾರಿಗಳಿಗೆ ಇರುವ ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಸೌಲಭ್ಯ ಕಮಿಷನ್ ಮತ್ತು ದಲ್ಲಾಳಿ ಆದಾಯಕ್ಕೆ ಅನ್ವಯಿಸುವುದಿಲ್ಲವಾದ್ದರಿಂದ, ಸ್ಕೂಟರಿನ ಪೆಟ್ರೋಲ್‌ನಿಂದ ಹಿಡಿದು ಪೋರ್ಟಲ್‌ನ ಜಾಹೀರಾತು ಶುಲ್ಕದವರೆಗೆ ಖರ್ಚಿನ ರಸೀದಿಗಳನ್ನು ಮೊದಲ ದಿನದಿಂದಲೇ ಎತ್ತಿಡಬೇಕಾಗುತ್ತದೆ.

ಕಷ್ಟವಿರುವುದು ಮೊತ್ತದಲ್ಲಿ ಅಲ್ಲ, ಅದು ಬರುವ ಸಮಯದಲ್ಲಿ. ಗ್ರಾಹಕರು ಬುಕಿಂಗ್ ಮಾಡಿದ ದಿನ ಬಿಲ್ಡರ್ ದಲ್ಲಾಳಿ ಹಣ ಕೊಡುವುದಿಲ್ಲ. ಗ್ರಾಹಕರಿಂದ ಬೆಲೆಯ ಒಂದು ಭಾಗ ಬರಬೇಕು, ಮಾರಾಟದ ಕರಾರು ಆಗಬೇಕು, ಅನಂತರ ಸಂಸ್ಥೆ ಬಿಲ್ಲು ಕಳಿಸಬೇಕು, ಅದು ಬಿಲ್ಡರ್‌ನ ಲೆಕ್ಕಪತ್ರ ವಿಭಾಗದಲ್ಲಿ ಮಂಜೂರಾಗಬೇಕು. ರೇರಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಹೀಗಾಗಿ ಗ್ರಾಹಕರ ಗೃಹಸಾಲ ತಡವಾದರೆ ನಿಮ್ಮ ಹಣವೂ ತಡವಾಗುತ್ತದೆ. ಮೂರು ನಾಲ್ಕು ತಿಂಗಳು ಹಿಡಿಯುವುದು ಈ ವ್ಯವಹಾರದಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಮೊದಲ ಮಾರಾಟಕ್ಕೇ ಎರಡು ಮೂರು ತಿಂಗಳು ಬೇಕಾಗುವುದರಿಂದ, ಹೊಸ ಫ್ಲ್ಯಾಟುಗಳ ಮಾರಾಟವನ್ನೇ ನೆಚ್ಚಿಕೊಂಡು ಸಂಬಳವಿಲ್ಲದ ಕೆಲಸಕ್ಕೆ ಇಳಿದರೆ ನಿಮ್ಮ ಐದು ತಿಂಗಳ ಉಳಿತಾಯ ಸಾಲುವುದಿಲ್ಲ. ಮೂರನೆಯ ಸಂಸ್ಥೆಯನ್ನು ಬೇಡವೆನ್ನಲು ಇದೂ ಒಂದು ಕಾರಣ. ಅವರು ಶೇ 70 ಕೊಟ್ಟರೂ ಆ ಶೇ 70 ಕೈಗೆ ಬರುವಷ್ಟರಲ್ಲಿ ನೀವು ಚಿನ್ನ ಅಡವಿಟ್ಟಿರುತ್ತೀರಿ.

ಬಾಡಿಗೆ ಮನೆಗಳ ವ್ಯವಹಾರದ ನಡೆ ಬೇರೆ. ಬೆಂಗಳೂರಿನ ರೂಢಿಯಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಹಣ ಏಜೆಂಟರಿಗೆ ಸಲ್ಲುತ್ತದೆ, ಮತ್ತು ಕರಾರಿಗೆ ಸಹಿ ಬಿದ್ದ ದಿನವೇ ಅಥವಾ ಕೀಲಿ ಕೊಟ್ಟ ದಿನವೇ ಅದು ಕೈಸೇರುತ್ತದೆ. 30,000 ರೂಪಾಯಿ ಬಾಡಿಗೆಯ ಒಂದು ಮನೆಯಿಂದ ನಿಮ್ಮ ಪಾಲಿಗೆ 12,000 ರೂಪಾಯಿ. ತಿಂಗಳಿಗೆ ಇಂಥ ಎರಡು ಮೂರು ಮನೆ ಹೊಂದಿಸಿಕೊಟ್ಟರೆ ಮೊದಲ ಕಂಪನಿಯ ಸಂಬಳಕ್ಕೆ ಸರಿಸಮವಾಗುತ್ತದೆ. ದೊಡ್ಡ ಕಂಪನಿಗಳು ಇಂಥ ಸಣ್ಣ ಬಾಡಿಗೆ ಮನೆಗಳತ್ತ ತಿರುಗಿಯೂ ನೋಡುವುದಿಲ್ಲ. ವಿಜಯನಗರದ ಸಣ್ಣ ಕಚೇರಿಗೆ ಅದೇ ದಿನನಿತ್ಯದ ಅನ್ನ. ಇದರಲ್ಲಿ ಇನ್ನೊಂದು ಲಾಭವೂ ಅಡಗಿದೆ: ಇವತ್ತು ಮೇಲಿನ ಮಹಡಿಯನ್ನು ನಿಮ್ಮ ಮೂಲಕ ಬಾಡಿಗೆಗೆ ಕೊಟ್ಟ ಮನೆಯ ಯಜಮಾನರೇ, ಮಕ್ಕಳು ಹೊರದೇಶದಲ್ಲಿ ನೆಲೆಸಿ ಇಡೀ ಮನೆಯನ್ನು ಮಾರುವ ಯೋಚನೆ ಬಂದಾಗ, ಮೊದಲು ನಿಮಗೆ ಫೋನ್ ಮಾಡುತ್ತಾರೆ. ಹಳೆಯ ಬಡಾವಣೆಗಳಲ್ಲಿ ಮರುಮಾರಾಟದ ಮನೆಗಳು ಪೋರ್ಟಲ್‌ಗಳಿಗೆ ಹೋಗುವ ಮೊದಲೇ ಕೈಬದಲಾಗುವುದು ಹೀಗೆ. ಮರುಮಾರಾಟದಲ್ಲಿ ಕೊಳ್ಳುವವರಿಂದ ಶೇ 1, ಮಾರುವವರಿಂದ ಶೇ 1 ಎಂಬುದು ಹೆಚ್ಚಾಗಿ ಕೇಳಿಬರುವ ಲೆಕ್ಕ, ಹಣ ನೋಂದಣಿಯ ದಿನ ಸಿಗುತ್ತದೆ.

ಇನ್ನು ಮೂರನೆಯ ಸಂಸ್ಥೆಯವರು ‘ರೇರಾ ಸೇರಿ’ ಎಂದು ಹೇಳಿರುವ ಮಾತಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 9ನೇ ಕಲಮಿನ ಪ್ರಕಾರ, ನೋಂದಾಯಿತ ಯೋಜನೆಯೊಂದರ ನಿವೇಶನ, ಫ್ಲ್ಯಾಟ್ ಅಥವಾ ಕಟ್ಟಡದ ಮಾರಾಟಕ್ಕೆ ನೆರವಾಗುವ ಏಜೆಂಟ್ ನೋಂದಣಿ ಪಡೆದಿರಲೇಬೇಕು. ಕರ್ನಾಟಕದ 2017ರ ನಿಯಮಗಳಲ್ಲಿ ಈ ನೋಂದಣಿಯ ಶುಲ್ಕ ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾದರೆ 2 ಲಕ್ಷ ರೂಪಾಯಿ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಅರ್ಜಿಯನ್ನು ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ನೀವೇ ಸಲ್ಲಿಸಬಹುದು, ಮಧ್ಯವರ್ತಿ ಬೇಕಾಗಿಲ್ಲ. ಹಾಗಾದರೆ ಆ 35,000 ರೂಪಾಯಿಯಲ್ಲಿ 25,000 ನಿಮ್ಮದೇ ಹೆಸರಿನ ನೋಂದಣಿಗೆ ಹೋಗುತ್ತದೆಯೇ, ಅಥವಾ ಅವರ ಸಂಖ್ಯೆಯನ್ನು ನಿಮ್ಮ ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಡುತ್ತಾರೆಯೇ? ಇದನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಹೆಚ್ಚಿನ ಸಂದರ್ಭಗಳಲ್ಲಿ ಎರಡನೆಯದೇ ಆಗಿರುತ್ತದೆ.

ಸಂಬಳದ ನೌಕರರು ಸಂಸ್ಥೆಯ ನೋಂದಣಿಯ ಅಡಿಯಲ್ಲಿ ಕೆಲಸ ಮಾಡುವುದು ಇಲ್ಲಿಯ ರೂಢಿ, ಏಕೆಂದರೆ ಅವರ ಹೆಸರಿಗೆ ದಲ್ಲಾಳಿ ಹಣ ಬರುವುದಿಲ್ಲ, ಸಂಬಳ ಬರುತ್ತದೆ. ಆದರೆ ‘ಅಸೋಸಿಯೇಟ್’ ಎಂಬ ಹೆಸರಿನಲ್ಲಿ, ನೇಮಕಾತಿ ಪತ್ರವಿಲ್ಲದೆ, ಪ್ರತಿ ವ್ಯವಹಾರಕ್ಕೂ ಕಮಿಷನ್ ಪಡೆಯುವವರ ಸ್ಥಿತಿ ಬೇರೆ. ಕಾಯ್ದೆಯಲ್ಲಿ ಏಜೆಂಟ್ ಎಂಬುದರ ವ್ಯಾಖ್ಯಾನ ಬಹಳ ವಿಶಾಲವಾಗಿದೆ: ಸಂಭಾವನೆ ಪಡೆದು, ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸುವವರೂ ಅದರೊಳಗೆ ಬರುತ್ತಾರೆ, ಅವರನ್ನು ಬ್ರೋಕರ್ ಎನ್ನಿ, ಮಧ್ಯವರ್ತಿ ಎನ್ನಿ, ಇನ್ನೇನಾದರೂ ಎನ್ನಿ. ನೋಂದಣಿಯಿಲ್ಲದೆ ಈ ಕೆಲಸ ಮಾಡಿದರೆ 62ನೇ ಕಲಮಿನಡಿ ತಪ್ಪು ಮುಂದುವರಿದ ಪ್ರತಿ ದಿನಕ್ಕೆ 10,000 ರೂಪಾಯಿಯಂತೆ, ಒಟ್ಟಾರೆ ಆ ಸ್ವತ್ತಿನ ಬೆಲೆಯ ಶೇ 5ರವರೆಗೂ ದಂಡ ವಿಧಿಸಬಹುದು. 80 ಲಕ್ಷದ ಫ್ಲ್ಯಾಟಿಗೆ ಅದು 4 ಲಕ್ಷ ರೂಪಾಯಿ. ದಂಡ ಬೀಳುವುದು ನಿಮ್ಮ ತಲೆಯ ಮೇಲೆ, ಶೇ 30 ಪಾಲು ಉಳಿಸಿಕೊಂಡ ಸಂಸ್ಥೆಯ ಮೇಲಲ್ಲ.

ಯಾವ ಸಂಸ್ಥೆಯಾದರೂ ಸರಿ, ಅವರು ಹೇಳುವ ನೋಂದಣಿ ಸಂಖ್ಯೆಯನ್ನು ಜಾಲತಾಣದಲ್ಲಿ ಹಾಕಿ ನೋಡಲು ಐದು ನಿಮಿಷ ಸಾಕು. ಕರ್ನಾಟಕದ ಸಂಖ್ಯೆಗಳು ‘ಪಿಆರ್‌ಎಂ/ಕೆಎ/ರೇರಾ’ ಎಂದು ಆರಂಭವಾಗುತ್ತವೆ. ನಡುವೆ ‘ಪಿಆರ್’ ಎಂದಿದ್ದರೆ ಅದು ಬಿಲ್ಡರ್‌ನ ಯೋಜನೆಯ ಸಂಖ್ಯೆ, ‘ಎಜಿ’ ಎಂದಿದ್ದರೆ ಏಜೆಂಟರದು. ತಾವು ಮಾರುತ್ತಿರುವ ಯೋಜನೆಯ ಸಂಖ್ಯೆಯನ್ನೇ ತಮ್ಮ ನೋಂದಣಿ ಸಂಖ್ಯೆ ಎಂಬಂತೆ ಬೋರ್ಡಿನ ಮೇಲೆ ಬರೆಸಿಕೊಂಡ ಕಚೇರಿಗಳಿವೆ; ಈ ಎರಡಕ್ಷರ ನೋಡುವ ಅಭ್ಯಾಸವಿದ್ದರೆ ಅದು ತಕ್ಷಣ ಗೊತ್ತಾಗುತ್ತದೆ. ನೋಂದಣಿಯ ಅವಧಿ ಮುಗಿದಿದೆಯೇ ಎಂಬುದನ್ನೂ ಗಮನಿಸಿ. ಬಾಡಿಗೆ ವ್ಯವಹಾರಕ್ಕೆ ರೇರಾ ಅನ್ವಯಿಸುವುದಿಲ್ಲವಾದ್ದರಿಂದ ಹಳೆಯ ಸಣ್ಣ ಕಚೇರಿಗಳಲ್ಲಿ ಕೆಲವರು ಇದರ ಗೋಜಿಗೇ ಹೋಗಿರುವುದಿಲ್ಲ. ನಿಮ್ಮ ಎರಡನೆಯ ಆಯ್ಕೆಗೆ ನಾನು ಈ ಷರತ್ತು ಹಾಕಿದ್ದು ಅದಕ್ಕೇ. ನಾಳೆ ನೀವು ನಾಗರಬಾವಿ ಕಡೆಯ ಹೊಸ ಅಪಾರ್ಟ್‌ಮೆಂಟಿಗೆ ಗ್ರಾಹಕರನ್ನು ಕರೆದೊಯ್ದರೆ ಕಚೇರಿಗಷ್ಟೇ ಅಲ್ಲ, ಸಂಬಳವಿಲ್ಲದೆ ಪಾಲು ಪಡೆಯುವ ನಿಮಗೂ ನೋಂದಣಿ ಬೇಕೇ ಬೇಕು.

ಸಂಸ್ಥೆ ಏನನ್ನು ಮಾರುತ್ತದೆ ಎಂಬುದು ನಂತರದ ಪ್ರಶ್ನೆ. ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳುವ ಪ್ರಶ್ನೆಗಳ ನಡುವೆ ನೀವೂ ಒಂದನ್ನು ಕೇಳಿ: “ಪ್ರೀ-ಲಾಂಚ್ ಬುಕಿಂಗ್ ಮಾಡಿಸುತ್ತೀರಾ?” ಉತ್ಸಾಹದಿಂದ ಹೌದು ಎಂದರೆ ಎಚ್ಚರವಾಗಬೇಕು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಯನ್ನು ನೋಂದಣಿಗೆ ಮೊದಲು ಜಾಹೀರು ಮಾಡುವುದೂ ಬುಕಿಂಗ್ ಪಡೆಯುವುದೂ ನಿಷಿದ್ಧ. ಅಂಥ ಯೋಜನೆಯ ಮಾರಾಟಕ್ಕೆ ಏಜೆಂಟ್ ನೆರವಾಗಬಾರದೆಂದು 10ನೇ ಕಲಮು ಬೇರೆಯಾಗಿಯೇ ಹೇಳುತ್ತದೆ. ಆದರೂ ‘ಆಸಕ್ತಿ ಪತ್ರ’ ಎಂಬ ಹೆಸರಿನಲ್ಲಿ ಚೆಕ್ಕು ಸಂಗ್ರಹಿಸುವ ಪದ್ಧತಿ ನಿಂತಿಲ್ಲ, ಏಕೆಂದರೆ ಆ ಹಂತದಲ್ಲಿ ಕಮಿಷನ್ ಹೆಚ್ಚು. ಇದೇ ರೀತಿ ನಗರದ ಹೊರವಲಯದಲ್ಲಿ ಭೂಪರಿವರ್ತನೆಯಾಗದ ಜಮೀನಿನಲ್ಲಿ ಕಲ್ಲು ನೆಟ್ಟು ಮಾರುವ ರೆವಿನ್ಯೂ ಸೈಟುಗಳು. ಒಂದೊಂದು ಸೈಟಿಗೂ ಸಿಗುವ ಕಮಿಷನ್ ಕೇಳಿದರೆ ಹೊಸಬರಿಗೆ ತಲೆ ತಿರುಗುತ್ತದೆ. ಆದರೆ ಕೊಳ್ಳುವವರು ಯಾರು? ನಿಮ್ಮ ಹಾಸನದ ಬಂಧುಗಳು, ಬ್ಯಾಂಕಿನ ಹಳೆಯ ಸಹೋದ್ಯೋಗಿಗಳು, ನಿಮ್ಮನ್ನು ನಂಬಿದ ನೆರೆಹೊರೆಯವರು. ಅಂಥ ಸಂಸ್ಥೆಗಳು ಹೊಸಬರನ್ನು ಸಾಲುಸಾಲಾಗಿ ಸೇರಿಸಿಕೊಳ್ಳುವುದೇ ಪ್ರತಿಯೊಬ್ಬರ ಪರಿಚಯದ ವಲಯವನ್ನು ಒಮ್ಮೆ ಬಳಸಿ ಮುಗಿಸಲಿಕ್ಕೆ.

ಈಗ ಕಲಿಕೆಯ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಆಯ್ಕೆಯ ತೂಕವೆಲ್ಲ ಇದರ ಮೇಲಿದೆ. ಹೊಸ ಅಪಾರ್ಟ್‌ಮೆಂಟ್ ಮಾರುವ ದೊಡ್ಡ ಕಂಪನಿಯಲ್ಲಿ ಕಾಗದಪತ್ರಗಳನ್ನು ಬಿಲ್ಡರ್‌ನ ವಕೀಲರು ನೋಡಿಕೊಳ್ಳುತ್ತಾರೆ. ನಿಮ್ಮ ಕೆಲಸ ಲೀಡಿಗೆ (ಕೊಳ್ಳಬಹುದಾದ ಗ್ರಾಹಕರಿಗೆ) ಫೋನ್ ಮಾಡುವುದು, ಸೈಟ್ ವಿಸಿಟ್ ಮಾಡಿಸುವುದು, ಬುಕಿಂಗ್‌ವರೆಗೆ ಬೆನ್ನು ಹತ್ತುವುದು. ಮಾತು ಕಲಿಯುತ್ತೀರಿ, ಸಮಯಪಾಲನೆ ಕಲಿಯುತ್ತೀರಿ, ಆದರೆ ಎರಡು ವರ್ಷದ ನಂತರವೂ ಒಂದು ಕ್ರಯಪತ್ರವನ್ನು ಪೂರ್ತಿ ಓದಿರುವುದಿಲ್ಲ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಮರುಮಾರಾಟ ಮಾಡಿಸುವ ಅನುಭವಿಯ ಪಕ್ಕದಲ್ಲಿ ಕುಳಿತರೆ ಮೊದಲ ವಾರದಲ್ಲೇ ಕಡತಗಳು ಮೇಜಿನ ಮೇಲೆ ಬರುತ್ತವೆ. ಉದಾಹರಣೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ನಿವೇಶನದ ಕಡತ. ಅದರಲ್ಲಿ ಹಂಚಿಕೆ ಪತ್ರ, ಲೀಸ್-ಕಂ-ಸೇಲ್ (ಗುತ್ತಿಗೆ ಸಹಿತ ಮಾರಾಟ) ಕರಾರು, ಸ್ವಾಧೀನ ಪತ್ರ, ಆಮೇಲಿನ ಶುದ್ಧ ಕ್ರಯಪತ್ರ, ಖಾತೆ, ತೆರಿಗೆ ರಸೀದಿ ಇವೆಲ್ಲ ಒಂದರ ಹಿಂದೆ ಒಂದು ಕೊಂಡಿಯಂತೆ ಬರಬೇಕು. ಒಂದು ಕೊಂಡಿ ಕಾಣೆಯಾಗಿದ್ದರೆ ಯಾಕೆ ಎಂದು ಕೇಳುವುದನ್ನು ಯಾವ ತರಬೇತಿ ಶಿಬಿರವೂ ಕಲಿಸುವುದಿಲ್ಲ.

ಹಳೆಯ ಮನೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕುಗಳಿವೆ. ಋಣಭಾರ ಪ್ರಮಾಣಪತ್ರವು, ಅಂದರೆ ನಾವು ಇಸಿ ಎನ್ನುವ ಕಾಗದವು, ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಭಾಗ, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣಿಸದೆ ಇರಬಹುದು. ತಂದೆಯಿಂದ ಬಂದ ಮನೆಯನ್ನು ಇಬ್ಬರು ಗಂಡುಮಕ್ಕಳು ಮಾರಲು ಬಂದರೆ, ವಂಶವೃಕ್ಷ ತರಿಸಿ ಅಕ್ಕತಂಗಿಯರ ಹೆಸರು ನೋಡುವುದು ಅನುಭವಿ ಏಜೆಂಟರ ಮೊದಲ ಕೆಲಸ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಾನ ಹಕ್ಕನ್ನು ಕರ್ನಾಟಕ 1994ರಲ್ಲೇ ತನ್ನ ತಿದ್ದುಪಡಿಯಿಂದ ಬಹುಮಟ್ಟಿಗೆ ಒಪ್ಪಿಕೊಂಡಿತ್ತು, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದೆಂದು ಸ್ಪಷ್ಟಪಡಿಸಿತು. ಅಕ್ಕತಂಗಿಯರ ಸಹಿ ಇಲ್ಲದೆ ಮುಂಗಡ ಕೊಡಿಸಿದ ಏಜೆಂಟರ ಮನೆಬಾಗಿಲಿಗೆ ಕೊಂಡವರು ಬಂದು ನಿಲ್ಲುತ್ತಾರೆ. ಹೊರವಲಯದ ಜಮೀನಾದರೆ ಪಿಟಿಸಿಎಲ್ ಕಾಯ್ದೆಯ ಪ್ರಶ್ನೆ ಏಳುತ್ತದೆ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮೀರಿ ಅಥವಾ ಅನುಮತಿಯಿಲ್ಲದೆ ಮಾರಿದ್ದರೆ 1978ರ ಆ ಕಾಯ್ದೆಯಂತೆ ಮಾರಾಟ ಅಸಿಂಧುವಾಗುತ್ತದೆ, ಮತ್ತು 2023ರ ತಿದ್ದುಪಡಿಯ ನಂತರ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಇಸಿ ಎಷ್ಟೇ ಶುಭ್ರವಾಗಿದ್ದರೂ ಮೂಲ ಮಂಜೂರಾತಿ ಆದೇಶ ನೋಡದೆ ಇದು ತಿಳಿಯುವುದಿಲ್ಲ.

ಆದ್ದರಿಂದ ಎರಡನೆಯ ಕಚೇರಿಯ ಯಜಮಾನರನ್ನು ಭೇಟಿಯಾದಾಗ, ಈಚೆಗೆ ಮುಗಿಸಿದ ಒಂದು ವ್ಯವಹಾರದ ಕಡತವನ್ನು, ಹೆಸರುಗಳನ್ನು ಮರೆಮಾಡಿಯಾದರೂ, ತೋರಿಸಿ ವಿವರಿಸುವಂತೆ ವಿನಂತಿಸಿಕೊಳ್ಳಿ. ಅವರು ಕಡತ ಬಿಚ್ಚಿ, “ಇಲ್ಲಿ ನೋಡಮ್ಮ, ಈ ಖಾತೆಯಲ್ಲಿ ಅಳತೆ ಒಂದು, ಕ್ರಯಪತ್ರದಲ್ಲಿ ಇನ್ನೊಂದು, ತಿದ್ದುಪಡಿ ಪತ್ರ ಮಾಡಿಸಿದ ಮೇಲೇ ಟೋಕನ್ ಕೊಡಿಸಿದ್ದು” ಎಂದು ಹೇಳಬಲ್ಲವರಾದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ. ಇನ್ನೊಂದು ಸಣ್ಣ ಪರೀಕ್ಷೆ: ಒಂದು ಕೋಟಿಯ ಮನೆಗೆ ನೋಂದಣಿ ಖರ್ಚು ಎಷ್ಟಾಗುತ್ತದೆ ಎಂದು ಸಹಜವಾಗಿ ಕೇಳಿ. 45 ಲಕ್ಷ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ಇನ್ನೂ ಹಳೆಯ ಶೇ 1ರ ಲೆಕ್ಕ ಹೇಳುವವರು, ಅಥವಾ ಬೆಂಗಳೂರಿನಲ್ಲಿ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆಯೂ ಮಾರಾಟದ ನೋಂದಣಿ ಮಾಡಿಸಿಕೊಡುತ್ತೇವೆ ಎನ್ನುವವರು, ಕೆಲಸದಿಂದ ದೂರವಾಗಿ ಎಷ್ಟು ಕಾಲವಾಗಿದೆ ಎಂಬುದು ಗೊತ್ತಾಗುತ್ತದೆ. ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿದ ನಿಮಗೆ ವಕೀಲರ ಅಭಿಪ್ರಾಯ ಪತ್ರ, ಮೌಲ್ಯಮಾಪನ ವರದಿ, ಸಾಲ ಮಂಜೂರಾತಿಯ ಹಂತಗಳು ಹೊಸತಲ್ಲ. ಈ ತಿಳಿವಳಿಕೆಗೆ ದೊಡ್ಡ ಕಂಪನಿಯ ಫೋನ್ ಮೇಜಿನಲ್ಲಿ ಬೆಲೆಯಿಲ್ಲ, ಮರುಮಾರಾಟದ ಕಚೇರಿಯಲ್ಲಿ ಇದೇ ನಿಮ್ಮ ಬಂಡವಾಳ. ಜೊತೆಗೆ, ಪಶ್ಚಿಮ ಬೆಂಗಳೂರಿನ ಹಿರಿಯ ಮನೆಮಾಲೀಕರೊಂದಿಗೆ ಜಗಲಿಯಲ್ಲಿ ಕುಳಿತು ಅಚ್ಚುಕಟ್ಟಾದ ಕನ್ನಡದಲ್ಲಿ ಮಾತಾಡಬಲ್ಲ ಏಜೆಂಟರು ಈಗ ಕಡಿಮೆಯಾಗುತ್ತಿದ್ದಾರೆ.

ಲೀಡುಗಳ ಬಗ್ಗೆ ಒಂದೆರಡು ಮಾತು ಅಗತ್ಯ. ದೊಡ್ಡ ಕಂಪನಿ ದಿನಕ್ಕೆ ಇಷ್ಟು ಲೀಡು ಕೊಡುತ್ತೇವೆ ಎಂದು ಹೇಳುತ್ತದೆ. ಅವು ಎಲ್ಲಿಂದ ಬಂದವು ಎಂದು ಕೇಳಿ. ಜಾಹೀರಾತು ನೋಡಿ ತಾವಾಗಿ ವಿಚಾರಿಸಿದವರ ಪಟ್ಟಿ ಬೇರೆ, ಎಲ್ಲಿಂದಲೋ ಕೊಂಡು ತಂದ ಮೊಬೈಲ್ ಸಂಖ್ಯೆಗಳ ಎಕ್ಸೆಲ್ ಕಡತ ಬೇರೆ. ನಿಮ್ಮದೇ ಹತ್ತಂಕಿಯ ಸಿಮ್ಮಿನಿಂದ ಇಂಥ ಪಟ್ಟಿಗೆ ಫೋನ್ ಮಾಡಲು ಹೇಳಿದರೆ ಒಪ್ಪಬೇಡಿ. ನೋಂದಣಿಯಿಲ್ಲದೆ ಪ್ರಚಾರದ ಕರೆ ಮಾಡುವವರ ಸಂಪರ್ಕ ಕಡಿದು ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಆಗಸ್ಟ್‌ನಲ್ಲಿ ದೂರವಾಣಿ ಕಂಪನಿಗಳಿಗೆ ನಿರ್ದೇಶನ ನೀಡಿದೆ. ಬ್ಯಾಂಕ್, ಆಧಾರ್, ಮಗುವಿನ ಶಾಲೆ ಎಲ್ಲದಕ್ಕೂ ಕೊಟ್ಟಿರುವ ಸಂಖ್ಯೆಯನ್ನು ಕಂಪನಿಯ ಟಾರ್ಗೆಟ್‌ಗಾಗಿ ಪಣಕ್ಕಿಡುವುದು ವಿವೇಕವಲ್ಲ. ಬಿಲ್ಡರ್‌ನ ಯೋಜನೆಗಳಲ್ಲಿ ಲೀಡ್ ನೋಂದಣಿಯ ಪದ್ಧತಿಯೂ ಇದೆ: ಗ್ರಾಹಕರ ಹೆಸರನ್ನು ಯಾವ ಸಂಸ್ಥೆ ಮೊದಲು ಬಿಲ್ಡರ್‌ನ ದಾಖಲೆಗೆ ಸೇರಿಸಿತೋ, ನಿಗದಿತ ದಿನಗಳವರೆಗೆ ಆ ಗ್ರಾಹಕ ಆ ಸಂಸ್ಥೆಗೆ ಸೇರಿದವನು. ಆ ಅವಧಿ ಮುಗಿದ ಮರುದಿನ ಗ್ರಾಹಕ ಬೇರೆಯವರ ಮೂಲಕ ಬುಕ್ ಮಾಡಿದರೆ ನಿಮ್ಮ ತಿಂಗಳ ಓಡಾಟಕ್ಕೆ ಕವಡೆ ಕಾಸೂ ಇಲ್ಲ. ಅವಧಿ ಎಷ್ಟು, ಅದನ್ನು ನವೀಕರಿಸುವವರು ಯಾರು ಎಂಬುದು ಸೇರುವ ಮೊದಲೇ ತಿಳಿದಿರಲಿ.

ಮೊದಲ ಕಂಪನಿಯನ್ನು ನಾನು ತೀರಾ ತಳ್ಳಿಹಾಕುತ್ತಿಲ್ಲ. ಮನೆಯಲ್ಲಿ ಬೇರೆ ಆದಾಯವಿಲ್ಲದಿದ್ದರೆ, ಪ್ರತಿ ತಿಂಗಳು ಕಂತು ಕಟ್ಟಲೇಬೇಕಾದ ಸಾಲವಿದ್ದರೆ, 28,000 ರೂಪಾಯಿಯ ನಿಶ್ಚಿತ ಸಂಬಳವನ್ನು ಹಗುರವಾಗಿ ನೋಡುವಂತಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಈ ವಿವರಗಳಿಲ್ಲ. ಇವೆಯೆಂದಾದರೆ ನನ್ನ ಸಲಹೆಯ ಕ್ರಮ ತಿರುಗುಮುರುಗಾಗುತ್ತದೆ. ಆದರೆ ವಿಜಯನಗರದಿಂದ ಮಾರತಹಳ್ಳಿಗೆ ಹೋಗಿಬರುವ ಸಮಯವನ್ನು, ಶನಿವಾರ ಭಾನುವಾರವೇ ಸೈಟ್ ವಿಸಿಟ್‌ನ ದಿನಗಳೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಮತ್ತು ನೇಮಕಾತಿ ಪತ್ರದ ಇನ್ಸೆಂಟಿವ್ ಕಲಮನ್ನು ಎರಡು ಸಲ ಓದಿ. ಅದರಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಇನ್ಸೆಂಟಿವ್ ಪಾವತಿಯ ದಿನದಂದು ನೌಕರಿಯಲ್ಲಿರುವವರಿಗೆ ಮಾತ್ರ ಅದು ಸಲ್ಲುತ್ತದೆ. ಬಿಲ್ಡರ್‌ನಿಂದ ಹಣ ಬರಲು ನಾಲ್ಕು ತಿಂಗಳು, ಕಂಪನಿ ಹಂಚಲು ಇನ್ನೊಂದು ತ್ರೈಮಾಸಿಕ. ಅಷ್ಟರಲ್ಲಿ ಟಾರ್ಗೆಟ್ ಮುಟ್ಟಲಿಲ್ಲವೆಂದು ನಿಮ್ಮನ್ನು ಬಿಡಿಸಿದರೆ ನೀವು ದುಡಿದ ಹಣ ಅಲ್ಲೇ ಉಳಿಯುತ್ತದೆ. ‘ರಾಜೀನಾಮೆಗೆ ಮೊದಲು ಆದ ಬುಕಿಂಗ್‌ಗಳ ಇನ್ಸೆಂಟಿವ್ ಹಣ ಬಂದಾಗ ಪಾವತಿಸಲಾಗುವುದು’ ಎಂದು ತಿದ್ದಿಸಲು ಪ್ರಯತ್ನಿಸಿ. ಒಪ್ಪದಿದ್ದರೆ ಆ ಕೆಲಸವನ್ನು 28,000 ರೂಪಾಯಿಯ ಕೆಲಸವೆಂದಷ್ಟೇ ಲೆಕ್ಕ ಹಾಕಿ. ಶೈಕ್ಷಣಿಕ ಪ್ರಮಾಣಪತ್ರಗಳ ಮೂಲ ಪ್ರತಿ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆಗೆ ಕಾಲಿಡಲೇಬೇಡಿ.

ಸಣ್ಣ ಕಚೇರಿಯೊಂದಿಗೆ ಮಾಡಿಕೊಳ್ಳುವ ಒಪ್ಪಂದ ಒಂದು ಪುಟಕ್ಕಿಂತ ದೊಡ್ಡದಾಗಿರಬೇಕಿಲ್ಲ. ಆದರೆ ಅದರಲ್ಲಿ ಕೆಲವು ಸಂಗತಿಗಳು ಇರಲೇಬೇಕು. ಶೇ 40 ಎಂಬುದು ಒಟ್ಟು ದಲ್ಲಾಳಿ ಹಣದ ಮೇಲೋ, ಜಾಹೀರಾತು ಖರ್ಚು ಮತ್ತು ಎದುರು ಪಕ್ಷದ ಏಜೆಂಟರ ಪಾಲು ಕಳೆದ ಮೇಲೋ ಎಂಬುದು ಮೊದಲನೆಯದು. ನಮ್ಮಲ್ಲಿ ಒಂದು ಮನೆಗೆ ಎರಡು ಮೂರು ಏಜೆಂಟರು ಸೇರುವುದು ಸಾಮಾನ್ಯವಾದ್ದರಿಂದ ಜಗಳ ಹುಟ್ಟುವುದು ಇಲ್ಲೇ. ನೀವು ತಂದ ಗ್ರಾಹಕರಿಗೂ ಕಚೇರಿ ಕೊಟ್ಟ ಗ್ರಾಹಕರಿಗೂ ಒಂದೇ ಪಾಲು ಎನ್ನುವುದು ನ್ಯಾಯವಲ್ಲ. ನಿಮ್ಮದೇ ಪರಿಚಯದಿಂದ ಬಂದ ವ್ಯವಹಾರಕ್ಕೆ ಶೇ 50 ಅಥವಾ 60 ಕೇಳುವುದರಲ್ಲಿ ತಪ್ಪಿಲ್ಲ, ಸಂಕೋಚಪಡಬೇಡಿ. ಕಚೇರಿಗೆ ಹಣ ಬಂದ ಎಷ್ಟು ದಿನದೊಳಗೆ ನಿಮ್ಮ ಖಾತೆಗೆ ಹಾಕುತ್ತಾರೆ, ಬುಕಿಂಗ್ ರದ್ದಾಗಿ ಬಿಲ್ಡರ್ ಹಣ ವಾಪಸು ಕೇಳಿದರೆ ನಿಮ್ಮಿಂದ ಎಷ್ಟು ಹಿಂಪಡೆಯುತ್ತಾರೆ, ನೀವು ಬಿಟ್ಟುಹೋದ ಮೇಲೆ ಅರ್ಧದಲ್ಲಿರುವ ವ್ಯವಹಾರಗಳ ಪಾಲು ಏನಾಗುತ್ತದೆ ಎಂಬುವನ್ನೂ ಬರೆಸಿ. ಆರು ತಿಂಗಳ ನಂತರ ಪಾಲನ್ನು ಪುನರ್‌ಪರಿಶೀಲಿಸುವ ಒಂದು ಸಾಲು ಇರಲಿ.

ಟೋಕನ್ ಹಣದ ವಿಚಾರದಲ್ಲಿ ಯಾವ ಸಂಸ್ಥೆಯಲ್ಲಿದ್ದರೂ ರಾಜಿ ಮಾಡಿಕೊಳ್ಳಬೇಡಿ. ಮುಂಗಡ ಕೊಳ್ಳುವವರ ಖಾತೆಯಿಂದ ಮಾರುವವರ ಖಾತೆಗೆ ನೇರವಾಗಿ ಹೋಗಬೇಕು. “ಸದ್ಯಕ್ಕೆ ನಿಮ್ಮ ಯುಪಿಐಗೆ ಹಾಕಿಸಿಕೊಳ್ಳಿ, ಆಮೇಲೆ ನೋಡೋಣ” ಎನ್ನುವ ಮೇಲಧಿಕಾರಿ ನಾಳೆ ವ್ಯವಹಾರ ಮುರಿದುಬಿದ್ದಾಗ ಫೋನ್ ಎತ್ತುವುದಿಲ್ಲ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿನಂತೆ ನಿಷಿದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ನಿಮ್ಮ ಗ್ರಾಹಕರಿಗೆ ಮೊದಲ ಭೇಟಿಯಲ್ಲೇ ಹೇಳುವ ಕಚೇರಿಯೇ ನಿಮಗೆ ಹೊಂದುತ್ತದೆ.

ಮೂರನೆಯ ಸಂಸ್ಥೆಗೆ ಈಗಾಗಲೇ ಹಣ ಕಟ್ಟಿದ್ದರೆ, ರಸೀದಿಯಲ್ಲಿ ಯಾವುದಕ್ಕೆಂದು ಬರೆದಿದ್ದಾರೆ ನೋಡಿ, ನಿಮ್ಮ ಹೆಸರಿನಲ್ಲಿ ರೇರಾ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ಅರ್ಜಿ ಸಂಖ್ಯೆ ಕೇಳಿ. ಸಲ್ಲಿಕೆಯಾಗಿದ್ದರೆ ಆ ನೋಂದಣಿ ನಿಮ್ಮದೇ. ಅದನ್ನು ಇಟ್ಟುಕೊಂಡೇ ವಿಜಯನಗರದ ಕಚೇರಿ ಸೇರಬಹುದು. ಸಲ್ಲಿಕೆಯಾಗಿಲ್ಲವೆಂದರೆ ಇಮೇಲ್ ಮೂಲಕ ಮರುಪಾವತಿ ಕೇಳಿ, ಒಂದು ವಾರ ಕಾದು, ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ನೀಡಿ.